ಜರ್ಮನಿಯ ಮಠಕ್ಕೆ ಅಳಿಯಸಂತಾನ

ನಾನು ಓದಿದ್ದು ನಾಲ್ಕನೇ ಕ್ಲಾಸು. ಐದನೆಯದಕ್ಕೆ ಹೊಳೆ ದಾಟಿ ಹೋಗಬೇಕಿತ್ತು. ದೋಣಿಯವನಿಗೂ ನಮ್ಮ ಅಪ್ಪನಿಗೂ ಮಾತು ಬಿಟ್ಟಿದ್ದರಿಂದ ನನ್ನ ಶಾಲೆ ಹೊಳೆಯ ಈಚೆ ದಡದಲ್ಲೇ ಮುಗಿಯಿತು. ಇಷ್ಟು ಓದಿದವಳು ಈಗ ಜರ್ಮನಿಯ ರೇಗನ್ಸ್‌ಬುರ್ಗ್ ಎಂಬ ಊರಿನ ಕ್ರೈಸ್ತ ಮಠವೊಂದರ ಚರಿತ್ರೆ ಹೇಳಬಲ್ಲೆ ಎಂದರೆ ನೀವು ನಂಬಲಿಕ್ಕಿಲ್ಲ. ನಂಬಬೇಡಿ. ಸುಮ್ಮನೆ ಕುಳಿತು ಕೇಳಿ.

ಕಲಿಸಿದವಳು ನನ್ನ ಮೊಮ್ಮಗಳು, ಮಗಳ ಮಗಳು. ಒಂಬತ್ತು ವರ್ಷ. ಅವಳ ಕಣ್ಣು, ಅವಳ ಜಡೆ, ಮೊಸರನ್ನ ತಿನ್ನುವಾಗ ಅವಳು ಮೂಗು ಏರಿಸುವ ರೀತಿ, ಇದನ್ನೆಲ್ಲ ಬರೆಯಲು ಹೊರಟರೆ ನಾನು ಮಠದ ಗೇಟಿಗೂ ತಲುಪಲಿಕ್ಕಿಲ್ಲ. ಆದ್ದರಿಂದ ಕಷ್ಟಪಟ್ಟು ಅದನ್ನು ಬಿಟ್ಟಿದ್ದೇನೆ. ಮೂಗಿನದ್ದು ಮಾತ್ರ ಹೇಳಿಹೋಯಿತು.

ಮಗಳು ಅಳಿಯನ ಜೊತೆ ನಾನಿರುವುದು ದೋಹಾದ ಮುಐದರಿನಲ್ಲಿ, ಒಂದು ವಿಲ್ಲಾದಲ್ಲಿ. ಊರಿಗೆ ಫೋನ್ ಮಾಡಿ ವಿಲ್ಲಾ ಎಂದು ಹೇಳಲು ಚಂದ. ನಿಜವಾಗಿ ಅದು ಒಂದೇ ದೊಡ್ಡ ಮನೆಗೆ ನಡುವೆ ಗೋಡೆಗಳನ್ನು ಹಾಕಿ ಮಾಡಿದ ನಾಲ್ಕು ಮನೆ. ನಮ್ಮ ಪಾಲಿಗೆ ಬಂದ ಮಲಗುವ ಕೋಣೆಯ ಮೇಲ್ಮಾಡಿನಲ್ಲಿ ಚಿನ್ನದ ಬಣ್ಣದ ಹೂಬಳ್ಳಿಗಳಿವೆ, ಏಕೆಂದರೆ ಮೊದಲು ಅದು ಅತಿಥಿಗಳನ್ನು ಕೂರಿಸುವ ಮಜ್ಲಿಸ್ ಆಗಿತ್ತು. ನಮ್ಮ ಅಡುಗೆಮನೆಯಲ್ಲಿ ಅಮೃತಶಿಲೆಯ ಮೆಟ್ಟಿಲುಗಳಿವೆ. ಅವು ಎಲ್ಲಿಗೂ ಹೋಗುವುದಿಲ್ಲ, ಮೇಲೆ ಗೋಡೆ. ಒಂದೊಂದು ಮೆಟ್ಟಿಲಿನ ಮೇಲೆ ಕುಚ್ಚಲಕ್ಕಿ, ಒಣಮೆಣಸು, ಹುಳಿ, ಉಪ್ಪಿನಕಾಯಿ ಭರಣಿ ಹೀಗೆ ಸಂಸಾರವನ್ನು ಹತ್ತಿಸಿ ಕೂರಿಸಿದ್ದೇವೆ.

ಗೋಡೆಯ ಆಚೆಗೆ ಉಳ್ಳಾಲದ ಕಡೆಯ ಬ್ಯಾರಿ ಕುಟುಂಬ. ಅವರ ಯಜಮಾನರಿಗೆ ಇಲ್ಲಿಯ ಹಳೆಪೇಟೆ ಸೂಕ್ ವಾಕಿಫ್‌ನಲ್ಲಿ ಅಂಗಡಿ, ನಾನು ಹುಟ್ಟುವ ಮೊದಲೇ ಬಂದವರಂತೆ ಮಾತನಾಡುತ್ತಾರೆ. ಅವರ ಹೆಂಡತಿ ನನ್ನ ಗೆಳತಿ. ಅವರು ನನ್ನನ್ನು ಅಕ್ಕ ಎನ್ನುತ್ತಾರೆ, ನಾನು ಅವರನ್ನು ಅಕ್ಕ ಎನ್ನುತ್ತೇನೆ. ಯಾರು ಹಿರಿಯರು ಎಂದು ತೀರ್ಮಾನವಾಗಿಲ್ಲ, ಇಬ್ಬರಿಗೂ ಆ ತೀರ್ಮಾನ ಬೇಡ. ನಾವಿಬ್ಬರೇ ಇದ್ದರೆ ತುಳು, ಮಗು ಇದ್ದರೆ ಕನ್ನಡ. ಮಗುವಿಗೆ ಕನ್ನಡವಾದರೂ ಬರಲಿ ಎಂದು ಮನೆಯಲ್ಲಿ ಅವಳೊಡನೆ ಕನ್ನಡದಲ್ಲೇ ಮಾತನಾಡುವುದು.

ಕಷ್ಟ ಇದ್ದದ್ದೇ ಅಲ್ಲಿ. ಕಳೆದ ವರ್ಷ ಇಲ್ಲಿಯ ಕನ್ನಡದವರ ಸಂಘದಲ್ಲಿ ಮಕ್ಕಳ ಕಾರ್ಯಕ್ರಮವಿತ್ತು. ಚೀಟಿ ನೋಡದೆ ಕನ್ನಡದಲ್ಲಿ ಐದು ನಿಮಿಷ ಮಾತನಾಡಬೇಕು. ನನ್ನ ಚಿನ್ನ ವೇದಿಕೆಗೆ ಹೋಗಿ "ಎಲ್ಲರಿಗೂ ನಮಸ್ಕಾರ" ಎಂದಳು. ಆಮೇಲೆ ಮೈಕನ್ನು ನೋಡಿದಳು. ಮೈಕು ಅವಳನ್ನು ನೋಡಿತು. ಇಬ್ಬರೂ ಏನೂ ಹೇಳಲಿಲ್ಲ. ಯಾರೋ ಹೆಂಗಸು ಬಂದು ಕೈಹಿಡಿದು ಇಳಿಸಿದಳು. ಅಂದಿನಿಂದ ಮನೆಯ ಹೊಸ್ತಿಲು ದಾಟಿದರೆ ಅವಳ ಬಾಯಿಂದ ಕನ್ನಡ ಹೊರಡುತ್ತಿರಲಿಲ್ಲ. ಯಾರಾದರೂ "ಊಟ ಆಯ್ತಾ ಪುಟ್ಟ" ಎಂದರೆ "ಯೆಸ್ ಆಂಟಿ" ಎನ್ನುವಳು. ಹೀಗೇ ಬಿಟ್ಟರೆ ಹೊರಗೆ ಹೋದ ಕನ್ನಡ ಒಂದು ದಿನ ಮನೆಯೊಳಗಿಂದಲೂ ಹೋಗುತ್ತದೆ, ಆಮೇಲೆ ನಾನು ಮತ್ತು ಅವಳು ಕೈಸನ್ನೆಯಲ್ಲಿ ಮಾತನಾಡಬೇಕು. ನನಗೆ ಇಂಗ್ಲಿಷಿನಲ್ಲಿ ಬರುವುದು "ಥ್ಯಾಂಕ್ಯೂ" ಮತ್ತು "ಲಿಫ್ಟ್".

ಈ ವರ್ಷ ಅವಳ ಶಾಲೆಯಲ್ಲಿ ಟೀಚರು ಒಂದು ಡಬ್ಬಿಯಿಂದ ಚೀಟಿ ಎತ್ತಿಸಿ ಪ್ರತಿ ಮಗುವಿಗೂ ಲೋಕದ ಒಂದೊಂದು ಹಳೆಯ ಜಾಗ ಕೊಟ್ಟರು. ಪಕ್ಕದವನಿಗೆ ಪಿರಮಿಡ್ಡು, ಹಿಂದಿನವಳಿಗೆ ತಾಜ್‌ಮಹಲು. ನಮ್ಮವಳಿಗೆ ಡ್ಯಾನ್ಯೂಬ್ ನದಿಯ ದಡದ ಊರಿನಲ್ಲಿರುವ ಈ ಮಠ. ಬೆನೆಡಿಕ್ಟಿನ್ ಎಂಬ ಪಂಥದವರದು. ತಾಜ್‌ಮಹಲು ಸಿಗದ್ದಕ್ಕೆ ಅವಳು ಒಂದು ಸಂಜೆ ಅತ್ತಳು, ಮರುದಿನದಿಂದ ಮಠದ ಮೇಲೆ ಹುಚ್ಚು ಹಿಡಿಸಿಕೊಂಡಳು. ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಹೇಳಿ ಎಲ್ಲರ ಬಾಯಿ ಮುಚ್ಚಿಸಿದಳಂತೆ. ಸಂಘದ ಕಾರ್ಯಕ್ರಮ ಮತ್ತೆ ಬಂದಾಗ ನನ್ನ ಮಗಳು ಹೆದರಿ ಹೆದರಿ ಕೇಳಿದಳು.

"ಈ ಸಲ ಹೆಸರು ಕೊಡ್ಲಾ ಪುಟ್ಟ?"

"ಮಠದ್ದು ಆದ್ರೆ ಹೇಳ್ತೇನೆ. ಬೇರೆ ಎಂತದೂ ಇಲ್ಲ."

ಮಗಳು ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. "ಅಮ್ಮ, ಬೇರೆ ಮಕ್ಕಳೆಲ್ಲ ಅಬ್ಬಕ್ಕನ ಕತೆ ಹೇಳ್ತಾರೆ. ಇವಳು ಹೋಗಿ ಜರ್ಮನಿಯ ಮಠ ಅಂದ್ರೆ ಜನ ಎಂತ ಹೇಳಿಯಾರು?"

"ಜನ ಏನಾದ್ರೂ ಹೇಳ್ಲಿ ಮಾರಾಯ್ತಿ. ಇವಳು ಏನಾದ್ರೂ ಹೇಳಿದ್ರೆ ಸಾಕಲ್ಲ."

ಹೀಗೆ ನಾನು ಗುರುವೂ ಆದೆ, ಶಿಷ್ಯೆಯೂ ಆದೆ. ಅವಳು ಶಾಲೆಯಿಂದ ಬಂದು ಮೆಟ್ಟಿಲಿನ ಮೇಲೆ, ಒಣಮೆಣಸಿಗೂ ಹುಳಿಗೂ ನಡುವೆ ಕೂರುತ್ತಿದ್ದಳು. ನಾನು ಕೆಳಗೆ ತೆಂಗಿನಕಾಯಿ ತುರಿಯುತ್ತಿದ್ದೆ. ಪಕ್ಕದ ಅಕ್ಕ ಸುಮ್ಮನೆ ಒಂದು ಲೋಟ ಸುಲೈಮಾನಿ ಚಹಾ ಹಿಡಿದುಕೊಂಡು ಬರುವರು. ಮಗು ತನಗೆ ಬಂದ ಕನ್ನಡದಲ್ಲಿ ಹೇಳುವುದು, ಸಿಕ್ಕಿಹಾಕಿಕೊಂಡಲ್ಲಿ ನಾನು ಮಾತು ಕೊಡುವುದು.

"ಫಸ್ಟ್ ಒಬ್ರು ಸೇಂಟ್ ಇದ್ರು ಅಜ್ಜಿ. ಅವರ ಗ್ರೇವ್ ಮೇಲೆ ಮಠ ಬಂತು."

"ಸಂತರು. ಅವರ ಸಮಾಧಿ ಮೇಲೆ. ಹಾಗೆ ಹೇಳು. ಸಮಾಧಿ ಒಂದಿದ್ರೆ ನಮ್ಮಲ್ಲೂ ಹಾಗೆಯೇ, ಮೊದ್ಲು ಹೂವಿನಂಗಡಿ ಬರ್ತದೆ, ಮತ್ತೆ ಎಲ್ಲ ಬರ್ತದೆ."

ಮೊದಮೊದಲು ಆ ಊರಿನ ಬಿಷಪ್ಪರೇ ಮಠಕ್ಕೂ ಯಜಮಾನರಂತೆ. ಆಮೇಲೆ ಎರಡನ್ನೂ ಬೇರೆ ಮಾಡಿದರು. ಬೇರೆ ಮಾಡಿದ ಮೇಲೂ ಬಿಷಪ್ಪರು ಮಠ ತಮ್ಮ ಕೈಕೆಳಗೆ ಎನ್ನುವರು, ಮಠದವರು ಅಲ್ಲ ಎನ್ನುವರು. ಎಷ್ಟೋ ತಲೆಮಾರು ಜಗಳಾಡಿ ಕೊನೆಗೆ ಮಠಕ್ಕೆ ಸ್ವಂತ ಆಡಳಿತ ಬಂತು. ಚಕ್ರವರ್ತಿಯೊಬ್ಬನನ್ನು ಬಿಟ್ಟು ಯಾರೂ ಅವರನ್ನು ಕೇಳುವ ಹಾಗಿಲ್ಲ.

ಇಲ್ಲಿಗೆ ಬಂದು ಮಗು ತಡವರಿಸಿದಳು. ಊರಿನ ಒಳಗೇ ಇದ್ದಾರೆ, ಆದರೆ ಊರಿನವರು ಅಲ್ಲ. ಇದನ್ನು ಕನ್ನಡದಲ್ಲಿ ಹೇಗೆ ಹೇಳುವುದು? ನಾನು ಕಾಯಿ ತುರಿಯುವುದನ್ನು ನಿಲ್ಲಿಸಿ ಯೋಚಿಸಿದೆ. ಆಗ ಹೊರಗೆ ನಮ್ಮ ನಾತೂರ್, ಅಂದರೆ ವಿಲ್ಲಾದ ಕಾವಲುಗಾರ, ಅಕ್ಕನ ಚಪ್ಪಲಿ ದಾರಿಯಲ್ಲಿದೆ ಎಂದು ಕೂಗುವುದು ಕೇಳಿಸಿತು. ಅಕ್ಕ ಎದ್ದು ಬಾಗಿಲಿಗೆ ಹೋಗಿ, "ಅದನ್ನು ಹೇಳ್ಲಿಕ್ಕೆ ನೀನು ಯಾರು? ಅರಬಿ ಬಂದು ಹೇಳ್ಲಿ, ತೆಗೀತೇನೆ" ಎಂದು ಬಂದರು. ಅರಬಿ ಎಂದರೆ ವಿಲ್ಲಾದ ಮಾಲೀಕರು. ತಿಂಗಳಿಗೊಮ್ಮೆ ಬಿಳಿ ಕಾರಿನಲ್ಲಿ ಬಂದು, ಎಲ್ಲರಿಗೂ ಸಲಾಂ ಹೇಳಿ, ಚಪ್ಪಲಿಯ ವಿಷಯ ಎತ್ತದೆ ಹೋಗುತ್ತಾರೆ.

"ಇದೇ," ಎಂದೆ ನಾನು. "ಚಕ್ರವರ್ತಿ ಅಂದ್ರೆ ಅರಬಿ. ಬಿಷಪ್ಪು ಅಂದ್ರೆ ನಾತೂರ್. ಮಠ ಅಂದ್ರೆ ಅಕ್ಕ."

ಮಗು ಮೆಟ್ಟಿಲಿನ ಮೇಲೆ ಹಾರಿದಳು. ಹುಳಿಯ ಡಬ್ಬಿ ಉರುಳಿತು. ಅಕ್ಕ ಚಹಾ ಕುಡಿಯುತ್ತ ಗಂಭೀರವಾಗಿ, "ನಾನು ಮಠ ಆದದ್ದು ನಮ್ಮವರಿಗೆ ಗೊತ್ತಾಗುವುದು ಬೇಡ" ಎಂದರು.

ಆ ಊರು ಇನ್ನೂ ತಮಾಷೆಯದು. ಅಂಥ ಸ್ವತಂತ್ರರು ಒಂದೇ ಕೋಟೆಯೊಳಗೆ ಐದು ಮಂದಿ. ಊರಿನ ಪಂಚಾಯತಿಯವರು ಒಂದು, ಬಿಷಪ್ಪರು ಒಂದು, ಈ ಮಠ ಒಂದು, ಮತ್ತೆ ಹೆಂಗಸರ ಮಠಗಳು ಎರಡು.

"ಹೆಂಗಸರದ್ದು ಎರಡಾ?" ಅಕ್ಕ ಕೇಳಿದರು. "ಒಳ್ಳೆ ಊರು. ವೀಸಾ ಸಿಗ್ತದಾ ಕೇಳು."

ಮಠದವರು ಬರೆಯುವುದರಲ್ಲಿ ಗಟ್ಟಿಗರು. ಪುಸ್ತಕಗಳಿಗೆ ಚಿನ್ನದ ಬಣ್ಣ ಹಾಕಿ ಚಿತ್ರ ಬರೆಯುವರು. ಬಿಷಪ್ಪರ ಜೊತೆ ಜಗಳವಾದಾಗ, ನಾವು ಹಿಂದಿನಿಂದಲೂ ಸ್ವತಂತ್ರರೇ ಎಂದು ತೋರಿಸಲು ಸತ್ತುಹೋದ ರಾಜರ ಹೆಸರಿನಲ್ಲಿ ತಾವೇ ಶಾಸನ ಬರೆದುಕೊಂಡರೆಂದೂ ಓದಿದವರು ಹೇಳುತ್ತಾರಂತೆ.

"ಅಜ್ಜಿ, ಅದು ಚೀಟಿಂಗ್ ಅಲ್ವಾ?"

"ಚೀಟಿಂಗ್ ಅಲ್ಲ ಮಗಾ. ಅವರಿಗೆ ಬರೀಲಿಕ್ಕೆ ಬರ್ತಿತ್ತು, ಪಾಪ, ಸುಮ್ಮನೆ ಕೂರ್ಲಿಕ್ಕೆ ಆಗ್ಲಿಲ್ಲ."

ಪ್ಯಾರಿಸಿನಲ್ಲಿ ಒಬ್ಬ ದೊಡ್ಡ ಸಂತರ ಅಸ್ಥಿ ಇದೆಯಲ್ಲ, ಅದು ಅಲ್ಲಿಲ್ಲ, ನಮ್ಮಲ್ಲೇ ಇದೆ ಎಂದೂ ಇವರು ಹೇಳಿದರಂತೆ. ಪ್ಯಾರಿಸಿನವರು ಪೆಟ್ಟಿಗೆ ತೆರೆದು ಇಲ್ಲೇ ಇದೆ ಎಂದರಂತೆ. ಇದು ನನಗೆ ಒಂದೇ ಸಲಕ್ಕೆ ಅರ್ಥವಾಯಿತು. ನಮ್ಮ ಕಡೆ ಎರಡು ಗುತ್ತಿನ, ಅಂದರೆ ಊರಿನ ಹಿರಿತನದ, ಮನೆಯವರು ಒಂದೇ ದೈವವನ್ನು ನಮ್ಮದು ನಮ್ಮದು ಎಂದು ಹೇಳಿ ಮದುವೆ ಊಟಕ್ಕೂ ಹೋಗದೆ ಕೂತದ್ದನ್ನು ನಾನೇ ನೋಡಿದ್ದೇನೆ.

ನಡುವೆ ನಮ್ಮ ಮನೆಯೇ ಮಠವಾಯಿತು. ಊಟದ ಹೊತ್ತಿಗೆ ಮಠದಲ್ಲಿ ಮಾತನಾಡಬಾರದು, ಬೇಕಾದ್ದನ್ನು ಸನ್ನೆಯಲ್ಲಿ ಕೇಳಬೇಕು, ಒಬ್ಬರು ಮಾತ್ರ ನಿಂತು ಏನಾದರೂ ಒಳ್ಳೆಯದನ್ನು ಓದಬೇಕು. ಮಗು ಇದನ್ನು ಜಾರಿಗೆ ತಂದಳು. ಮೊದಲ ದಿನ ಓದುವ ಪಾಳಿ ಅಳಿಯಂದಿರದು. ಅವರ ಕೈಗೆ ಸಿಕ್ಕಿದ್ದು ಸೂಪರ್ ಮಾರ್ಕೆಟಿನ ಆಫರ್ ಹಾಳೆ. ಪಾಪ, ಲುಸೈಲಿನ ಆಫೀಸಿನಿಂದ ಆಗಷ್ಟೇ ಬಂದಿದ್ದರು, ಟೈ ಕೂಡ ಬಿಚ್ಚಿರಲಿಲ್ಲ. ನಿಂತುಕೊಂಡು ಪಾದ್ರಿಯ ಸ್ವರದಲ್ಲಿ, "ಭಾರತದ ಈರುಳ್ಳಿ, ದೊಡ್ಡ ಚೀಲ. ಫ್ರೋಜನ್ ಕೋಳಿ, ಒಂದು ಕೊಂಡರೆ ಒಂದು" ಎಂದು ಓದಿದರು. ನಾನು ಬಂಗುಡೆ ಸಾರು ಬೇಕೆಂದು ಕೈಯನ್ನು ಮೀನಿನ ಹಾಗೆ ಆಡಿಸಿದೆ. ಮಗಳು ನನಗೆ ಹುಷಾರಿಲ್ಲ ಎಂದು ತಿಳಿದು ನೀರು ಕೊಟ್ಟಳು.

ಮೀನು ಎಂದಾಗ ನೆನಪಾಯಿತು. ಆ ಮಠದವರು ನಾಲ್ಕು ಕಾಲಿನದ್ದು ತಿನ್ನುತ್ತಿರಲಿಲ್ಲ, ಮೀನು ತಿನ್ನುತ್ತಿದ್ದರು. ಇದನ್ನು ಕೇಳಿ ಅಕ್ಕ ಚಹಾದ ಲೋಟ ಕೆಳಗಿಟ್ಟರು.

"ಮೀನು ತಿನ್ನುವ ಸ್ವಾಮಿಗಳಾ ಅಕ್ಕ?" ಎಂದರು ಅವರು.

"ಹೌದಂತೆ ಅಕ್ಕ."

"ಹಾಗಾದ್ರೆ ನಮ್ಮ ಊರಿನವರೇ."

ಇದೇ ಧೈರ್ಯದಲ್ಲಿ ನಾನು ಮುಂದಿನ ಎಡವಟ್ಟು ಮಾಡಿದ್ದು. ಒಂದು ಸಂಜೆ ಮಗು, ಮಠದ ದೊಡ್ಡ ಸ್ವಾಮಿ ತೀರಿಹೋದ ಮೇಲೆ ಏನಾಗುತ್ತದೆ ಎಂಬಲ್ಲಿಗೆ ಬಂದಳು. ಮಠದ ಸ್ವಾಮಿಗೆ ಮದುವೆ ಇಲ್ಲ, ಮಕ್ಕಳಿಲ್ಲ. ನಾನು ಮುಂದಿನದನ್ನು ಕೇಳಲೇ ಇಲ್ಲ, ಗೊತ್ತಿರುವುದನ್ನು ಕೇಳುವುದು ಯಾಕೆ?

"ಹಾಗಾದ್ರೆ ಅಳಿಯನಿಗೆ," ಎಂದೆ.

ನಮ್ಮದು ಅಳಿಯಸಂತಾನದ ಮನೆ. ಅಂದರೆ ಆಸ್ತಿ, ಯಜಮಾನಿಕೆ ಮಗನಿಗೆ ಹೋಗುವುದಲ್ಲ, ತಂಗಿಯ ಮಕ್ಕಳಿಗೆ. ನನ್ನ ಮಾವನಿಂದ, ಎಂದರೆ ಅಮ್ಮನ ಅಣ್ಣನಿಂದ, ಯಜಮಾನಿಕೆ ನನ್ನ ಅಣ್ಣನಿಗೆ ಬಂತು. ಕಾನೂನು ಬದಲಾಗಿ ಎಷ್ಟೋ ಕಾಲವಾದರೂ ನನ್ನ ತಲೆಯೊಳಗೆ ಕಾನೂನು ಇನ್ನೂ ತಲುಪಿಲ್ಲ. ನನಗೆ ಈ ಮೊಮ್ಮಗಳ ಮೇಲೆ ಇಷ್ಟೊಂದು ಪ್ರೀತಿ ಉಕ್ಕುವುದಕ್ಕೂ ಅದೇ ಕಾರಣ ಎಂದು ಮಗಳು ರೇಗಿಸುತ್ತಾಳೆ. ಮಗಳ ಮಗಳು, ನಮ್ಮ ಬಳ್ಳಿಯ ಕುಡಿ.

"ಇಲ್ಲ ಅಜ್ಜಿ. ಟೀಚರ್ ಹೇಳಿದ್ದು ವೋಟ್ ಹಾಕ್ತಾರೆ ಅಂತ."

"ಹಾಕ್ತಾರೆ ಮಗಾ. ಅಳಿಯನಿಗೆ ಹಾಕ್ತಾರೆ."

ಅಕ್ಕ ಮೆಲ್ಲಗೆ, "ಅಕ್ಕ, ಅವರು ಜರ್ಮನಿಯವರು" ಎಂದರು.

"ಜರ್ಮನಿಯಲ್ಲಿ ತಂಗಿಯಂದಿರು ಇಲ್ವಾ?"

ಮಗು ತಲೆ ತುರಿಸಿಕೊಂಡಳು. ಆಮೇಲೆ ದಿನವೂ ಹೇಳಿಸುವಾಗ ಆ ಜಾಗಕ್ಕೆ ಬಂದ ಕೂಡಲೇ ನಾನು ಗಟ್ಟಿಯಾಗಿ "ತಂಗಿಯ ಮಗನಿಗೆ" ಎನ್ನುತ್ತಿದ್ದೆ, ಅವಳೂ ಹಾಗೆಯೇ ಹೇಳಿ ಮುಂದೆ ಹೋಗುತ್ತಿದ್ದಳು. ಕತೆಯ ಕೊನೆ ಬೇಸರದ್ದು. ಚಕ್ರವರ್ತಿಗಳ ಕಾಲ ಮುಗಿದು, ಮಠಗಳನ್ನೆಲ್ಲ ಮುಚ್ಚಿ, ಇದನ್ನು ಅಂಚೆ ನಡೆಸುತ್ತಿದ್ದ ಒಂದು ರಾಜಮನೆತನಕ್ಕೆ ಕೊಟ್ಟರು. ಅವರು ಅರಮನೆ ಮಾಡಿಕೊಂಡರು. ಅಷ್ಟು ಓದಿದ ಸ್ವಾಮಿಗಳು ಗಂಟುಮೂಟೆ ಕಟ್ಟಿ ಹೊರಟದ್ದನ್ನು ಮಗು ಹೇಳುವಾಗ ನಾನು ಪ್ರತಿ ಸಲವೂ ಸೆರಗಿನಿಂದ ಕಣ್ಣು ಒರೆಸುತ್ತಿದ್ದೆ. ಅಕ್ಕ ಪ್ರತಿ ಸಲವೂ, "ಅಂಚೆಯವರಾ? ನಮ್ಮ ಅಂಚೆಯವನಿಗೆ ಇದನ್ನು ಹೇಳ್ಬೇಡಿ" ಎನ್ನುವರು.

ಕಾರ್ಯಕ್ರಮ ಶುಕ್ರವಾರ ಸಂಜೆ. ಮಗುವಿಗೆ ಹಸಿರು ರೇಷ್ಮೆ ಲಂಗ, ಮುಡಿಗೆ ಮಲ್ಲಿಗೆ. ಕಾರಿನಲ್ಲಿ ಅಳಿಯಂದಿರು "ಯಲ್ಲಾ, ಒಂದ್ಸಲ ಹೇಳಿ ನೋಡು" ಎಂದರೆ ಮಗು ಕಿಟಕಿಯ ಹೊರಗೆ ನೋಡಿದಳು. ಮಗಳು ನನ್ನ ಕೈ ಹಿಡಿದುಕೊಂಡಳು. ನನಗಾಗಿಯೇ ಬಂದ ಅಕ್ಕ ನಡುವೆ ಕೂತು ಚೀಲದಿಂದ ಖರ್ಜೂರ ತೆಗೆದು ಎಲ್ಲರ ಬಾಯಿಗೂ ಹಾಕುತ್ತಿದ್ದರು, ಯಾರೂ ಬೇಡ ಎನ್ನುವ ಸ್ಥಿತಿಯಲ್ಲಿರಲಿಲ್ಲ.

ಹಾಲ್ ತುಂಬಿತ್ತು. ಮುಂದಿನ ಸಾಲಿನಲ್ಲಿ ಸಂಘದ ಹಿರಿಯರು, ಎಲ್ಲ ನಮ್ಮ ಕಡೆಯವರೇ. ಮೂರು ಮಕ್ಕಳು ಅಬ್ಬಕ್ಕನ ಕತೆ ಹೇಳಿದರು. ಮೂರು ಸಲವೂ ಪೋರ್ಚುಗೀಸರು ಸೋತರು. ಆಮೇಲೆ ನನ್ನ ಚಿನ್ನದ ಹೆಸರು ಕರೆದರು.

"ಎಲ್ಲರಿಗೂ ನಮಸ್ಕಾರ."

ಅಷ್ಟೆ. ಮೈಕನ್ನು ನೋಡಿದಳು. ಕಳೆದ ವರ್ಷದ ಅದೇ ಹೆಂಗಸು ಮೆಟ್ಟಿಲ ಬಳಿ ಬಂದು ನಿಂತಳು. ಅವಳನ್ನು ಕಂಡದ್ದೇ ತಡ, ಮಗು ಬೇಗ ಬೇಗ, "ಜರ್ಮನಿಯಲ್ಲಿ ಒಂದು ಊರು ಉಂಟು, ಅಲ್ಲಿ ಒಬ್ಬರು ಸಂತರ ಸಮಾಧಿ ಉಂಟು" ಎಂದು ಶುರುಮಾಡಿದಳು. ಕಲಿತದ್ದನ್ನು ಗಿಳಿಯ ಹಾಗೆ, ಕಾಲಿನ ಹೆಬ್ಬೆರಳನ್ನು ನೋಡುತ್ತ, ಉಸಿರು ತೆಗೆಯದೆ. ಸಮಾಧಿ ಹೋಯಿತು, ಬಿಷಪ್ಪರು ಹೋದರು, ಚಕ್ರವರ್ತಿ ಬಂದ. "ದೊಡ್ಡ ಸ್ವಾಮಿಗೆ ಮಕ್ಕಳಿಲ್ಲ. ಅವರು ತೀರಿಹೋದ ಮೇಲೆ ಮಠ ಅವರ ತಂಗಿಯ ಮಗನಿಗೆ."

ಮುಂದಿನ ಸಾಲಿನ ತಲೆಗಳೆಲ್ಲ ಒಟ್ಟಿಗೆ ಸರಿ ಸರಿ ಎಂದು ಆಡಿದವು. ಇಡೀ ಹಾಲಿನಲ್ಲಿ ಒಬ್ಬರಿಗೂ ಸಂಶಯ ಬರಲಿಲ್ಲ. ಹಿರಿಯರೊಬ್ಬರು ಪಕ್ಕದವರಿಗೆ, "ನೋಡಿ, ಅಲ್ಲಿಯೂ ನಮ್ಮ ಕ್ರಮವೇ" ಎಂದರು.

ಮಗು ನಿಲ್ಲಿಸಿದಳು. ಹೆಬ್ಬೆರಳಿನಿಂದ ತಲೆ ಎತ್ತಿ ನೇರ ನನ್ನನ್ನು ನೋಡಿದಳು. ಮೆಟ್ಟಿಲ ಬಳಿಯ ಹೆಂಗಸು ಒಂದು ಹೆಜ್ಜೆ ಮೇಲೇರಿದಳು. ಮುಗಿಯಿತು, ನನ್ನಿಂದಲೇ ಮುಗಿಯಿತು ಎಂದುಕೊಂಡೆ.

"ಅದು ತಪ್ಪು," ಎಂದಳು ಮಗು. "ಅದು ನನ್ನ ಅಜ್ಜಿ ಹೇಳಿದ್ದು. ಅಜ್ಜಿ ಎಲ್ಲ ಅಳಿಯನಿಗೇ ಕೊಡ್ತಾರೆ. ಅಲ್ಲಿ ಸ್ವಾಮಿಗಳು ಕೂತ್ಕೊಂಡು ವೋಟು ಹಾಕಿ ಆರಿಸುವುದು."

ಹಾಲಿನಲ್ಲಿ ನಗು ಎದ್ದಿತು. ಆದರೆ ಆ ಹಿರಿಯರು ನಗಲಿಲ್ಲ. ಎದ್ದು ನಿಂತರು. "ಇಲ್ಲ ಪುಟ್ಟ, ಅಜ್ಜಿ ಹೇಳಿದ್ದೇ ಸರಿ ಇರ್ಬೇಕು. ಮಕ್ಕಳಿಲ್ಲದಿದ್ರೆ ಮತ್ತೆ ಯಾರು?"

"ಅವರಲ್ಲಿ ಯಾರು ಒಳ್ಳೇದೋ ಅವರು ಅಂಕಲ್."

"ಮತ್ತೆ ತಂಗಿಯ ಮಗ ಎಂತ ಮಾಡ್ಬೇಕು?"

"ಅವನು ಬೇರೆ ಕೆಲಸ ಹುಡುಕ್ಬೇಕು."

ಚಪ್ಪಾಳೆ ಬಿತ್ತು. ಹಿಂದಿನಿಂದ ಇನ್ನೊಬ್ಬರು, "ವೋಟು ಸಮ ಸಮ ಬಂದ್ರೆ?" ಎಂದು ಕೇಳಿದರು. ಅವಳು ಸೊಂಟದ ಮೇಲೆ ಕೈಯಿಟ್ಟು, "ಮತ್ತೆ ಜಗಳ. ಅವರು ಜಗಳಕ್ಕೆ ಉಷಾರು" ಎಂದಳು. ಯಾರೂ ಕಲಿಸಿದ ಮಾತಲ್ಲ, ನಾನು ಕೊಟ್ಟದ್ದೂ ಅಲ್ಲ. ಎಲ್ಲಿತ್ತು ಇಷ್ಟು ಕನ್ನಡ ಈ ಹುಡುಗಿಯ ಹೊಟ್ಟೆಯಲ್ಲಿ? ಬಿಷಪ್ಪರ ಜಗಳವನ್ನು ಮತ್ತೆ ಮೊದಲಿನಿಂದ ಹೇಳಿದಳು, ಈ ಸಲ ನಾತೂರ್ ಮತ್ತು ಚಪ್ಪಲಿ ಸಮೇತ. ಅಕ್ಕ ಸೆರಗು ಮುಖಕ್ಕೆ ಎಳೆದುಕೊಂಡು "ನನ್ನ ಮಾನ ಖಲಾಸ್" ಎನ್ನುತ್ತ ನಗುತ್ತಿದ್ದರು. ನನ್ನ ಮಗಳು ಅಳುತ್ತಿದ್ದಳೋ ನಗುತ್ತಿದ್ದಳೋ ಗೊತ್ತಿಲ್ಲ, ಮೂಗು ಸೋರುತ್ತಿತ್ತು. ನಾನು ಎಡಗಡೆಯವರಿಗೆ, ಬಲಗಡೆಯವರಿಗೆ, ಮುಂದಿನ ಕುರ್ಚಿಯವರಿಗೆ ಬೆನ್ನು ತಟ್ಟಿ, "ನನ್ನ ಮಗಳ ಮಗಳು" ಎಂದು ಹೇಳಿದೆ. ಮುಂದಿನವರಿಗೆ ಎರಡು ಸಲ ಹೇಳಿದೆ, ಅವರು ಮೊದಲ ಸಲ ಸಾಕಷ್ಟು ಸಂತೋಷಪಡಲಿಲ್ಲ.

ಐದು ನಿಮಿಷದ ಗಂಟೆ ಬಾರಿಸಿದರು. ಅವಳು ನಿಲ್ಲಿಸಲಿಲ್ಲ. ಮತ್ತೊಮ್ಮೆ ಬಾರಿಸಿದರು. ಅವಳು ಗಂಟೆಯವನ ಕಡೆ ತಿರುಗಿ, ಮಠದಲ್ಲಿಯೂ ಹೀಗೆಯೇ ಗಂಟೆ ಬಾರಿಸುತ್ತಾರೆ, ಅದು ಪ್ರಾರ್ಥನೆಗೆ ಎಂದು ಎಲ್ಲರಿಗೂ ವಿವರಿಸಿದಳು. ಕೋಲಾಟದ ಮಕ್ಕಳು ಪರದೆಯ ಪಕ್ಕದಲ್ಲಿ ಕೋಲು ಹಿಡಿದು ನಿಂತು ನಿಂತು ಒಬ್ಬರನ್ನೊಬ್ಬರು ಚುಚ್ಚತೊಡಗಿದ್ದರು. ಕೊನೆಗೆ ನಿರೂಪಕರು ವೇದಿಕೆ ಹತ್ತಿ, ಮೈಕಿಗೆ ಕೈ ಚಾಚಿ, ಮೃದುವಾಗಿ, "ಬಹಳ ಚಂದ ಆಯ್ತು ಪುಟ್ಟ. ಈಗ ಸಾಕಲ್ವಾ?" ಎಂದರು.

ಅವಳು ಮೈಕನ್ನು ಎದೆಗೆ ಒತ್ತಿ ಹಿಡಿದಳು.

"ಅಂಕಲ್, ಇನ್ನೂ ಮುನ್ನೂರು ವರ್ಷ ಬಾಕಿ ಉಂಟು."

ನಿರೂಪಕರು ಒಮ್ಮೆ ಅವಳನ್ನು ನೋಡಿದರು, ಒಮ್ಮೆ ಹಾಲನ್ನು ನೋಡಿದರು. ಆಮೇಲೆ ಕೆಳಗಿಳಿದು, ಖಾಲಿ ಕುರ್ಚಿ ಹುಡುಕಿ ಕೂತರು.